ಗಡಿಯಾರ ಕಂಡಿತು, ಕಾಲು ಕಾಣಲಿಲ್ಲ

"ಇವರ ಕೋಚ್ ಯಾರ್ರಿ?"

ಬಳ್ಳಾರಿಯ ಮೂಳೆ ಡಾಕ್ಟರಮ್ಮ ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸುತ್ತ ಕೇಳಿದರು. ಕೋಣೆಯಲ್ಲಿ ಇದ್ದವರು ಮೂವರೇ. ಡಾಕ್ಟರಮ್ಮ, ನನ್ನ ಹೆಂಡತಿ ಗಿರಿಜಾ ಮತ್ತು ನಾನು. ಗಿರಿಜಾ ನೆಲ ನೋಡಿದಳು. ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ಒಂದು ಅಸ್ಥಿಪಂಜರದ ಚಿತ್ರವಿತ್ತು. ಅದು ನನ್ನನ್ನೇ ನೋಡುತ್ತಿತ್ತು.

"ನಾನೇ ರಿ," ಎಂದೆ.

ಎರಡು ತಿಂಗಳ ಮೊದಲು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಎದೆ ಉಬ್ಬಿಸಿ ಹೇಳುತ್ತಿದ್ದೆ. (ನನಗೆ ಎದೆಗಿಂತ ಮೊದಲು ಹೊಟ್ಟೆ ಉಬ್ಬುತ್ತದೆ, ಅದು ಬೇರೆ ಮಾತು.) ಅವತ್ತು ಮಾತ್ರ ಕಳ್ಳನ ಹೆಸರು ಹೇಳಿದ ಹಾಗೆ ಹೇಳಿದೆ.

ಈ ವಾರದ ಅಂಕಣ ಒಬ್ಬರಿಗೆ ಥ್ಯಾಂಕ್ಸ್ ಹೇಳಲಿಕ್ಕೆಂದೇ ಬರೆಯುತ್ತಿದ್ದೇನೆ. ಆದರೆ ಥ್ಯಾಂಕ್ಸ್ ಹೇಳುವ ಮೊದಲು ನಾನು ಮಾಡಿದ್ದನ್ನು ಒಪ್ಪಿಕೊಳ್ಳಬೇಕಲ್ಲ? ಅಲ್ಲಿಂದಲೇ ಶುರು ಮಾಡುತ್ತೇನೆ.

ವಾರವಾರ ಓದುವವರಿಗೆ ನನ್ನ ವಿಷಯ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಆಂಧ್ರದ ಆದವಾನಿಯ ಹೊರವಲಯದ ಒಂದು ಹಳೆಯ ಜಿನ್ನಿಂಗ್ ಮಿಲ್ಲಿನಲ್ಲಿ ನಾನು ಮ್ಯಾನೇಜರ್. ಹತ್ತಿಯಿಂದ ಬೀಜ ಬೇರೆ ಮಾಡುವ ಕಾರ್ಖಾನೆ ಅದು. ಗಿರಿಜಾ ಊರಿನ ಕನ್ನಡ ಶಾಲೆಯಲ್ಲಿ ಟೀಚರ್. ವಯಸ್ಸು ನಲವತ್ತೊಂದು. ಹಾಲಹರವಿಯಲ್ಲಿ ಹುಟ್ಟಿದವಳು. ಕಾಲೇಜಿನಲ್ಲಿದ್ದಾಗ ಐದು ಸಾವಿರ ಮೀಟರ್ ಓಟದಲ್ಲಿ ಯೂನಿವರ್ಸಿಟಿ ಪದಕ ಗೆದ್ದವಳು.

ಆ ಪದಕ ಹದಿನಾರು ವರ್ಷ ನಮ್ಮ ಮನೆಯ ಹೊಲಿಗೆ ಡಬ್ಬಿಯಲ್ಲಿ ಇತ್ತು. ಗುಂಡಿ, ಸೂಜಿ, ದಾರದ ಉಂಡೆ, ಪದಕ.

ಮಗಳು ಹಾಸ್ಟೆಲ್ ಸೇರಿದ ವರ್ಷ ಗಿರಿಜಾಗೆ ಬೆಳಿಗ್ಗೆ ಒಂದು ತಾಸು ಉಳಿಯತೊಡಗಿತು. ಆ ತಾಸಿನಲ್ಲಿ ಅವಳು ಮತ್ತೆ ಓಡಲು ಶುರು ಮಾಡಿದಳು. ನಮ್ಮ ಬಡಾವಣೆಯ ಹಿಂದೆ ಹತ್ತಿ ಹೊಲಗಳ ನಡುವೆ ಒಂದು ಬಂಡಿ ದಾರಿ ಇದೆ. ಆ ದಾರಿಯಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು. ನಾನು? ಜಗಲಿಯ ಮೇಲೆ ಪೇಪರ್ ಹಿಡಿದುಕೊಂಡು ಕೂತಿರುತ್ತಿದ್ದೆ. ಅವಳು ಬೆವೆತು ಬಂದಾಗ ಪೇಪರಿನ ಅಂಚಿನಿಂದ ನೋಡಿ, "ಚಹಾ ಆತೇನು?" ಎನ್ನುತ್ತಿದ್ದೆ.

ಹೀಗೆ ವರ್ಷದ ಮೇಲಾಯಿತು. ಕಳೆದ ಜುಲೈನಲ್ಲಿ ಕರ್ನೂಲಿನಲ್ಲಿ ನಲವತ್ತು ದಾಟಿದವರ ಜಿಲ್ಲಾಮಟ್ಟದ ಓಟದ ಸ್ಪರ್ಧೆ ನಡೆಯಿತು. ಗಿರಿಜಾ ಐದು ಸಾವಿರ ಮೀಟರಿಗೆ ಹೆಸರು ಕೊಟ್ಟಳು. ಬ್ಯಾಗ್ ಹಿಡಿಯಲು ನಾನು ಹೋದೆ. ಹನ್ನೆರಡೂವರೆ ಸುತ್ತು. ಹನ್ನೊಂದನೆಯ ಸುತ್ತಿನವರೆಗೆ ನಾನು ಮೊಬೈಲ್ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಪಕ್ಕದವರು ಎದ್ದು ನಿಂತರು. ನಾನೂ ಎದ್ದೆ. ನೋಡಿದರೆ ಗಿರಿಜಾ ನಾಲ್ಕನೆಯವಳಾಗಿದ್ದಳು. ಮೂರನೆಯವಳಾದಳು. ಕೊನೆಯ ತಿರುವಿನಲ್ಲಿ ಎರಡನೆಯವಳಾದಳು. ನನ್ನ ಮುಂದಿನಿಂದ ಹಾದು ಹೋಗುವಾಗ ಅವಳ ಮುಖ ನೋಡಿದೆ. ಹದಿನಾರು ವರ್ಷ ಒಂದೇ ಮನೆಯಲ್ಲಿ ಇದ್ದೇವೆ. ಆ ಮುಖ ನಾನು ನೋಡಿರಲಿಲ್ಲ.

ಮರುದಿನದಿಂದ ನಾನು ಕೋಚ್.

ಯಾರು ಮಾಡಿದರು? ನಾನೇ ಮಾಡಿಕೊಂಡೆ. ಡಿಸೆಂಬರಿನಲ್ಲಿ ರಾಜ್ಯಮಟ್ಟದ ಕೂಟವಿತ್ತು. ರಾತ್ರಿ ಊಟವಾದ ಮೇಲೆ ಯೂಟ್ಯೂಬ್‌ನಲ್ಲಿ ವಿಡಿಯೋ ನೋಡುವುದು, ಬೆಳಿಗ್ಗೆ ಐದಕ್ಕೆ ಎದ್ದು ಸ್ಕೂಟರ್ ಹೊರಗೆ ತೆಗೆಯುವುದು. ಮೊಬೈಲಿನಲ್ಲಿ ಸ್ಟಾಪ್‌ವಾಚ್. ಕುತ್ತಿಗೆಗೆ ಒಂದು ಸೀಟಿ. (ಸೀಟಿ ಯಾತಕ್ಕೆ ಎಂದು ಗಿರಿಜಾ ಕೇಳಿದಳು. ಉತ್ತರ ಇವತ್ತಿಗೂ ನನ್ನ ಹತ್ತಿರ ಇಲ್ಲ.)

ಮೊದಲ ತೊಂದರೆ ಬಂಡಿ ದಾರಿಯದು. ಅಲ್ಲಿ ಕಿಲೋಮೀಟರ್ ಕಲ್ಲು ಇಲ್ಲ. ಎಷ್ಟು ಓಡಿದಳು, ಎಷ್ಟು ಹೊತ್ತಿನಲ್ಲಿ ಓಡಿದಳು, ಏನೂ ತಿಳಿಯುವುದಿಲ್ಲ. ಮೇಲಾಗಿ ಮಳೆ. ನಮ್ಮ ಎರೆಮಣ್ಣು ಗೊತ್ತಲ್ಲ? ಮಳೆ ಬಿದ್ದರೆ ಬೂಟಿಗೆ ಹತ್ತಿಕೊಂಡು, ಹೆಜ್ಜೆ ಹೆಜ್ಜೆಗೂ ದಪ್ಪವಾಗುತ್ತ ಹೋಗುತ್ತದೆ. ಸ್ಕೂಟರ್ ಚಕ್ರವಂತೂ ತಿರುಗುವುದೇ ಇಲ್ಲ.

ನಮ್ಮ ಮಿಲ್ಲಿನ ಮುಂದೆ ಹೊಸ ಸಿಮೆಂಟ್ ರಸ್ತೆ ಬಿದ್ದಿತ್ತು. ಬಿಳಿ ರಸ್ತೆ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ. ಕಿಲೋಮೀಟರಿಗೊಂದು ಕಲ್ಲು, ನಡುವೆ ಸಣ್ಣ ಕಲ್ಲುಗಳು. ನನಗಂತೂ ಆ ರಸ್ತೆ ನೋಡಿ ಬಹಳ ಖುಷಿಯಾಯಿತು. ಸೆಪ್ಟೆಂಬರಿನಲ್ಲಿ ಒಂದು ಸೋಮವಾರದಿಂದ ಗಿರಿಜಾಳ ಓಟವನ್ನು ಅಲ್ಲಿಗೆ ಬದಲಿಸಿದೆ.

ಈಗ ಯೋಚನೆ ಮಾಡಿದರೆ ಗೊತ್ತಾಗುತ್ತದೆ. ಆ ರಸ್ತೆ ಅನುಕೂಲವಾಗಿದ್ದು ನನ್ನ ಸ್ಟಾಪ್‌ವಾಚಿಗೆ. ಅವಳ ಕಾಲಿಗೆ ಅನುಕೂಲವೋ ಅಲ್ಲವೋ ಎಂದು ನಾನು ಕೇಳಲೇ ಇಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ತಿಂಗಳು ಓಟದ ದೂರ ಎರಡು ಪಟ್ಟು ಮಾಡಿದೆ. ಅದೇ ತಿಂಗಳು ತೆಳು ಅಡಿಯ, ಹಗುರವಾದ ಹೊಸ ಬೂಟು ತರಿಸಿದೆ. ಮೈ ಹಗುರಾದರೆ ವೇಗ ಹೆಚ್ಚು ಎಂದು ಯಾವುದೋ ವಿಡಿಯೋದಲ್ಲಿ ಕೇಳಿದ್ದೆ. ಅದನ್ನು ಗಿರಿಜಾಗೆ ಹೇಳಿದೆ. ಅವಳು ರಾತ್ರಿಯ ಎರಡು ರೊಟ್ಟಿಯನ್ನು ಒಂದಕ್ಕೆ ಇಳಿಸಿದಳು. ಸೋಮವಾರ ಹೇಗೂ ಒಪ್ಪತ್ತು. "ಭೇಷ್," ಎಂದೆ.

ದಿನಾ ಬೆಳಿಗ್ಗೆ ನಾನು ಸ್ಕೂಟರಿನ ಮೇಲೆ, ಅವಳು ಪಕ್ಕದಲ್ಲಿ ಓಡುತ್ತ. "ನಾಲ್ಕು ಸೆಕೆಂಡ್ ಲೇಟ್, ಗಿರಿಜಾ." "ಈಗ ಚಲೋ ಬಂತು." "ಆ ಕಲ್ಲು ಮುಟ್ಟೋತನಕ ಬಿಡಬ್ಯಾಡ." ನನ್ನ ಕಣ್ಣು ಮೊಬೈಲ್ ಮೇಲೆ, ಇಲ್ಲವೇ ಮುಂದಿನ ಕಲ್ಲಿನ ಮೇಲೆ.

ಅಕ್ಟೋಬರಿನಲ್ಲಿ ಹತ್ತಿ ಬರಲು ಶುರುವಾಯಿತು. ಮಿಲ್ಲಿನ ಹೆಂಗಸರು ಬೆಳಗಿನ ಪಾಳಿಗೆ ಅದೇ ರಸ್ತೆಯಲ್ಲಿ ನಡೆದುಕೊಂಡು ಬರುತ್ತಾರೆ. ಅವರಲ್ಲಿ ಮಾಬೂಬಿ ಒಬ್ಬಳು. ಐವತ್ತು ದಾಟಿದ ಹೆಂಗಸು. ನಮ್ಮ ಮಿಲ್ಲಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದಾಳೆ, ನನಗಿಂತ ಮೊದಲಿನಿಂದ. ಜಿನ್ ಯಂತ್ರಗಳ ಸಾಲಿನ ಮುಂದೆ ನಿಂತು, ಮಂಕರಿಯಿಂದ ಹತ್ತಿ ತೆಗೆದು ಯಂತ್ರದ ಬಾಯಿಗೆ ಕೊಡುವುದು ಆಕೆಯ ಕೆಲಸ. ಮಾತು ಕಡಿಮೆ. ಅಲ್ಲಿಯವರೆಗೆ ನನ್ನ ಆಫೀಸಿನ ಬಾಗಿಲಿಗೆ ಆಕೆ ಬಂದದ್ದು ನನಗೆ ನೆನಪೇ ಇಲ್ಲ.

ಒಂದು ದಿನ ಬಂದಳು. ಸೆರಗಿಗೆ, ಕೂದಲಿಗೆ ಹತ್ತಿಯ ಧೂಳು. ಬಾಗಿಲಲ್ಲೇ ನಿಂತಳು.

"ಸಾರ್, ಟೀಚರಮ್ಮ ಎಡಗಾಲು ಪೂರಾ ಊರಂಗಿಲ್ಲ. ನೋಡೀರೇನು?"

ನಾನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಅದು ಓಡೋ ಸ್ಟೈಲ್, ಮಾಬೂಬಿ. ಮುಂಗಾಲಿನ ಮ್ಯಾಲೆ ಓಡಬೇಕಂತ. ವಿಡಿಯೋದಾಗ ತೋರಿಸ್ಯಾರ."

"ಬಲಗಾಲು ಊರ್ತಾರ. ಎಡಗಾಲು ಊರಂಗಿಲ್ಲ," ಎಂದಳು ಆಕೆ. "ಸ್ಟೈಲ್ ಒಂದ ಕಾಲಿಗೆ ಇರ್ತೈತೇನ್ರಿ?"

ಉತ್ತರ ಇಲ್ಲದಾಗ ಮ್ಯಾನೇಜರುಗಳು ಏನು ಹೇಳುತ್ತಾರೆ?

"ಹೋಗು, ಮಷಿನ್ ಖಾಲಿ ಓಡ್ತಿರಬೇಕು ನೋಡು," ಎಂದೆ.

ಆಕೆ ಹೋದಳು. ಅವತ್ತು ಸಂಜೆ ಗಿರಿಜಾಳನ್ನು ಕೇಳಿದೆನೇ? ಇಲ್ಲ. ಮರೆತೆ ಅಂತಲೂ ಹೇಳಲಾರೆ. ಕೇಳಿದರೆ ಏನಾದರೂ ಇದೆ ಎಂದು ಅವಳು ಹೇಳಿಬಿಟ್ಟರೆ? ಕೂಟಕ್ಕೆ ಆರೇ ವಾರ ಉಳಿದಿತ್ತು.

ಮುಂದಿನ ವಾರ, ಬೆಳಿಗ್ಗೆ. ಗಿರಿಜಾ ಎಂಟನೆಯ ಕಿಲೋಮೀಟರಿನಲ್ಲಿದ್ದಳು. ನಾನು ಪಕ್ಕದಲ್ಲಿ ಸ್ಕೂಟರಿನ ಮೇಲೆ. ಎದುರಿನಿಂದ ಮಿಲ್ಲಿನ ಹೆಂಗಸರ ಗುಂಪು ಬರುತ್ತಿತ್ತು. ಗುಂಪಿನಿಂದ ಮಾಬೂಬಿ ಹೊರಗೆ ಬಂದಳು. ಬಂದವಳೇ ರಸ್ತೆಯ ನಟ್ಟನಡುವೆ ನಿಂತುಬಿಟ್ಟಳು. ನಾನು ಬ್ರೇಕ್ ಹಾಕಿದೆ. ಗಿರಿಜಾ ನಿಂತಳು.

"ಟೀಚರಮ್ಮ, ಇಲ್ಲಿ ಕುಂದರ್ರಿ." ಪಕ್ಕದ ಮೋರಿಯ ಕಟ್ಟೆ ತೋರಿಸಿದಳು.

"ಟೈಮ್ ಹೋಗ್ತದ, ಮಾಬೂಬಿ," ಎಂದೆ ನಾನು.

ಆಕೆ ನನ್ನ ಕಡೆ ನೋಡಲೇ ಇಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ಗಿರಿಜಾ ಮರುಮಾತಿಲ್ಲದೆ ಹೋಗಿ ಕೂತಳು. ಯಾರಾದರೂ ಕೂರು ಎನ್ನಲಿ ಎಂದು ಕಾಯುತ್ತಿದ್ದವಳ ಹಾಗೆ.

ಮಾಬೂಬಿ ಕೆಳಗೆ ಕೂತು ಗಿರಿಜಾಳ ಎಡಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗಿನಿಂದ ಮೂಳೆಯ ಅಂಚು ಹಿಡಿದು ನಿಧಾನವಾಗಿ ಒತ್ತುತ್ತ ಬಂದಳು. ಹತ್ತಿಯಲ್ಲಿ ಬೀಜ ಹುಡುಕುವ ಬೆರಳು ಅದು. ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲೆ ಬಂದಾಗ ಗಿರಿಜಾ ತಟ್ಟನೆ ಮಾಬೂಬಿಯ ಭುಜ ಹಿಡಿದಳು. ಕಣ್ಣು ತುಂಬಿಕೊಂಡವು.

"ಇಲ್ಲೇನು?"

"ಹೂಂ."

"ಎಷ್ಟು ದಿನ ಆತು?"

"ಇಪ್ಪತ್ತು," ಎಂದಳು ಗಿರಿಜಾ.

ಇಪ್ಪತ್ತು ದಿನ. ಇಪ್ಪತ್ತು ದಿನ ನಾನು ಪಕ್ಕದಲ್ಲೇ ಇದ್ದೆ. ಸೆಕೆಂಡ್ ಲೆಕ್ಕ ನನ್ನ ಬಾಯಲ್ಲಿತ್ತು.

"ನನಗ ಹೇಳಲೇ ಇಲ್ಲ ನೀನು," ಎಂದೆ. ಅವಳು ನನ್ನ ಮುಖ ನೋಡಿದಳು.

ಮಾಬೂಬಿ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. "ಸಾರ್, ನಾವು ಎಂಟು ತಾಸು ಸಿಮೆಂಟಿನ ಮ್ಯಾಲೆ ನಿಲ್ತೀವಿ. ಬರೇ ನಿಂತ್ರನ ಸಂಜೀಕ ಹಿಮ್ಮಡಿ ಉರೀತಾವ. ಅದಕ್ಕ ಗೋಣಿಚೀಲ ಹಾಸ್ಕೋತೀವಿ. ಟೀಚರಮ್ಮ ಅದ ಸಿಮೆಂಟಿನ ಮ್ಯಾಲೆ ದಿನಾ ಹತ್ತು ಕಿಲೋಮೀಟರ್ ಜಿಗೀತಾರ. ಇವರ ಕಾಲ ಕೆಳಗ ನೀವೇನು ಹಾಸೀರಿ?"

ಜೋರು ದನಿಯಲ್ಲಿ ಕೇಳಲಿಲ್ಲ. ಹತ್ತಿಯಲ್ಲಿ ತೇವ ಎಷ್ಟಿದೆ ಎಂದು ಕೇಳಿದಷ್ಟು ಸಹಜವಾಗಿ ಕೇಳಿದಳು. ಉತ್ತರಕ್ಕೆ ಕಾಯಲೂ ಇಲ್ಲ. ಗುಂಪು ಮುಂದೆ ಹೋಗಿತ್ತು, ಆಕೆ ಬೇಗ ಬೇಗ ನಡೆದು ಅವರನ್ನು ಸೇರಿಕೊಂಡಳು.

ಗೋಣಿಚೀಲ ಎಂದಾಗ ನನಗೆ ಒಂದು ವಿಷಯ ನೆನಪಾಯಿತು. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಎರಡು ವರ್ಷದ ಹಿಂದೆ ಮಿಲ್ಲಿಗೆ ಇನ್‌ಸ್ಪೆಕ್ಷನ್ ಬರುವುದಿತ್ತು. ಒಳಗೆ ಹೋಗಿ ನೋಡಿದರೆ ಯಂತ್ರಗಳ ಮುಂದೆ ಹರಿದ ಗೋಣಿಚೀಲಗಳು ಬಿದ್ದಿದ್ದವು. "ಏನಿದು ಕಸ?" ಎಂದು ಕೂಗಾಡಿ ಎಲ್ಲವನ್ನೂ ಹೊರಗೆ ಹಾಕಿಸಿದ್ದೆ. ಅದು ಕಸವಲ್ಲ, ಹಾಸಿಕೊಂಡದ್ದು ಎಂದು ಒಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ವಾರದ ಮೇಲೆ ಚೀಲಗಳು ಒಂದೊಂದಾಗಿ ಮತ್ತೆ ಬಂದವು. ನಾನು ನೋಡಿಯೂ ನೋಡದಂತೆ ಇದ್ದೆ, ದೊಡ್ಡ ಮನಸ್ಸು ಮಾಡಿದವನ ಹಾಗೆ.

ಅವತ್ತೇ ಊರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಎಕ್ಸ್-ರೇ ತೆಗೆದರು. ಮೂಳೆ ನೆಟ್ಟಗಿದೆ ಎಂದರು. ಆದರೂ ಸ್ವಲ್ಪ ದಿನ ರೆಸ್ಟ್ ಮಾಡಿ, ನೋವು ಹೋಗದಿದ್ದರೆ ಬಳ್ಳಾರಿಗೆ ಹೋಗಿ ದೊಡ್ಡ ಸ್ಕ್ಯಾನಿಂಗ್ ಮಾಡಿಸಿ ಎಂದರು. ನಾನು ಮೊದಲಿನ ಅರ್ಧ ಮಾತ್ರ ಕೇಳಿಸಿಕೊಂಡೆ. "ನೋಡಿದೇನು? ಏನೂ ಇಲ್ಲ," ಎಂದೆ.

ಮೂರನೆಯ ದಿನ ಬೆಳಿಗ್ಗೆ ಗಿರಿಜಾ ಬೂಟಿನ ಲೇಸ್ ಕಟ್ಟಿಕೊಂಡಳು. ನಾನು ಸ್ಕೂಟರ್ ಹೊರಗೆ ತಂದೆ. ಜಗಲಿಯ ಮೂರು ಮೆಟ್ಟಿಲು ಇಳಿಯಬೇಕು. ಒಂದು ಇಳಿದಳು. ಎರಡನೆಯದಕ್ಕೆ ಎಡಗಾಲು ಇಟ್ಟವಳು ಗೋಡೆ ಹಿಡಿದು ಅಲ್ಲೇ ಕೂತುಬಿಟ್ಟಳು. "ಆಗಂಗಿಲ್ಲರಿ," ಎಂದಳು. ಅಷ್ಟೇ.

ಮರುದಿನ ಬಳ್ಳಾರಿ ಬಸ್ಸು ಹತ್ತಿದೆವು.

ಹಾಲಹರವಿ ಹತ್ತಿರ ಬಂದಾಗ ಗಿರಿಜಾ ಕಿಟಕಿಯಿಂದ ಒಂದು ದಾರಿ ತೋರಿಸಿದಳು. ಜೋಳದ ಹೊಲದ ಪಕ್ಕದಲ್ಲಿ ಹಾದು ಹೋಗುವ ಮಣ್ಣಿನ ದಾರಿ. "ಅಲ್ಲೇ ಓಡ್ತಿದ್ದೆ, ಬರಿಗಾಲಾಗ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳಿದೆ.

"ಇಪ್ಪತ್ತು ದಿನ ಯಾಕ ಹೇಳಲಿಲ್ಲ?"

ಅವಳು ಹೊರಗೇ ನೋಡುತ್ತಿದ್ದಳು. "ಹೇಳಿದ್ರ ಓಟ ನಿಲ್ತಿತ್ತು."

"ನಿಲ್ಲಲಿ. ಕಾಲಿಗಿಂತ ಓಟ ಹೆಚ್ಚೇನು?"

"ಓಟ ನಿಂತ್ರ ನೀವು ಮತ್ತ ಪೇಪರ್ ಹಿಡ್ಕೊಂಡು ಕುಂದರ್ತಿದ್ರಿ," ಎಂದಳು. "ಮದುವಿ ಆಗಿ ಹದಿನಾರು ವರ್ಷ ಆತು. ದಿನಾ ಒಂದು ತಾಸು ನನ್ನ ಜೋಡಿ ಇದ್ದದ್ದು ಈ ಮೂರು ತಿಂಗಳು ಅಷ್ಟ. ಸೆಕೆಂಡ್ ಎಣಿಸಿಕೋತ ಇದ್ರೂ ಜೋಡಿ ಇದ್ರಲ್ಲಾ. ಅದಕ್ಕ ಹೇಳಲಿಲ್ಲ."

ನಿಮಗೆ ಒಂದು ಪ್ರಶ್ನೆ. ಈ ಮಾತಿಗೆ ನೀವಾದರೆ ಏನು ಹೇಳುತ್ತಿದ್ದಿರಿ? ನಾನು ವಾರವಾರ ಪುಟ ತುಂಬಿಸುವವನು. ಕಂಡಕ್ಟರ್ ಬಂದು "ಬಳ್ಳಾರಿ ಎರಡಾ ಸಾರ್? ಟಿಕೆಟ್ ತೀಸುಕೊಂಡ್ರಾ?" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದಾಗ ಅವನಿಗೂ ಬರೀ ತಲೆ ಆಡಿಸಿದೆ. ಆಮೇಲೆ ಗಿರಿಜಾಳ ಕೈಯನ್ನು ಹಿಡಿದುಕೊಂಡೆ. ಬಳ್ಳಾರಿ ಬಸ್‌ಸ್ಟ್ಯಾಂಡ್ ಬರುವವರೆಗೆ ಬಿಡಲಿಲ್ಲ.

ಈಗ ಡಾಕ್ಟರಮ್ಮನ ಕೋಣೆಗೆ ವಾಪಸ್ ಬರುತ್ತೇನೆ.

ಸ್ಕ್ಯಾನಿಂಗ್‌ನಲ್ಲಿ ಮೂಳೆಯ ಒಳಗೆ ಒಂದು ಬಿಳಿ ಮಚ್ಚೆ, ಅದರ ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆ. ಸ್ಟ್ರೆಸ್ ಫ್ರ್ಯಾಕ್ಚರ್ ಅಂದರು. ಬಿದ್ದು ಮುರಿದದ್ದಲ್ಲ. ಪೆಟ್ಟಿನ ಮೇಲೆ ಪೆಟ್ಟು ತಿಂದು ದಣಿದ ಮೂಳೆ ಬಿಟ್ಟ ಬಿರುಕು. ಶುರುವಿನಲ್ಲಿ ಎಕ್ಸ್-ರೇಗೆ ಇದು ಕಾಣುವುದೇ ಇಲ್ಲವಂತೆ.

ನಾನು ಅವಸರದಿಂದ, "ಸಿಮೆಂಟ್ ರಸ್ತೆರಿ ಮೇಡಂ. ಅದರಿಂದನ ಆಗಿದ್ದು," ಎಂದೆ. ದೂರಲಿಕ್ಕೆ ಒಂದು ರಸ್ತೆ ಸಿಕ್ಕರೆ ಎಷ್ಟು ಸಮಾಧಾನ.

ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ಸಿಮೆಂಟ್ ರಸ್ತೆ ಮ್ಯಾಲೆ ಓಡೋರು ಬೇಕಾದಷ್ಟು ಮಂದಿ ಅದಾರ. ಎಲ್ಲಾರ ಮೂಳಿ ಬಿರೀತಾವೇನು? ರಸ್ತೆ ಗಟ್ಟಿ ಐತಿ, ಅದು ಖರೆ. ಆದ್ರ ಇವರು ಮಣ್ಣಿಂದ ಸಿಮೆಂಟಿಗೆ ಒಂದ ದಿನದಾಗ ಬಂದ್ರಲ್ಲ? ಕಾಲಿಗೆ ಹೊಂದಿಕೊಳ್ಳಾಕ ಪುರುಸೊತ್ತು ಎಲ್ಲಿ? ಅದರ ಮ್ಯಾಲೆ ದೂರ ಎರಡು ಪಟ್ಟು. ಅದರ ಮ್ಯಾಲೆ ಹೊಸ ಬೂಟು. ಮೂಳಿ ಕಲ್ಲಲ್ರಿ. ದಿನಾ ಒಂದಿಷ್ಟು ಸವೀತೈತಿ, ದಿನಾ ತನ್ನ ತಾನ ರಿಪೇರಿ ಮಾಡ್ಕೋತೈತಿ. ನೀವು ರಿಪೇರಿಗೆ ಟೈಮ್ ಕೊಡಲಿಲ್ಲ."

ಆಮೇಲೆ ಗಿರಿಜಾ ಕಡೆ ತಿರುಗಿ ಊಟದ ವಿಷಯ ಕೇಳಿದರು. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ರಾತ್ರಿ ಏನು. ತಿಂಗಳ ಮುಟ್ಟು ಸರಿಯಾಗಿ ಆಗುತ್ತದೆಯೇ ಎಂದೂ ಕೇಳಿದರು. ಗಿರಿಜಾ ಎಲ್ಲ ಹೇಳಿದಳು. ಒಂದು ರೊಟ್ಟಿ, ಸೋಮವಾರದ ಒಪ್ಪತ್ತು, ಎರಡು ತಿಂಗಳಿಂದ ತಪ್ಪಿದ ಮುಟ್ಟು. ಕೊನೆಯದು ನನಗೆ ಆಗಲೇ ಗೊತ್ತಾದದ್ದು.

"ರಿಪೇರಿಗೆ ಸಾಮಾನೂ ಕೊಟ್ಟಿಲ್ಲ," ಎಂದರು ಡಾಕ್ಟರಮ್ಮ, ನನ್ನನ್ನು ನೋಡಿ.

ಎಂಟು ವಾರ ಓಡುವಂತಿಲ್ಲ. ಹೊಟ್ಟೆ ತುಂಬ ಊಟ. ಮುಟ್ಟಿನ ವಿಷಯಕ್ಕೆ, ರಕ್ತಕ್ಕೆ ಬೇರೆ ಪರೀಕ್ಷೆ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂರುವುದು. ಎಲ್ಲ ಬರೆದುಕೊಟ್ಟ ಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ಇನ್ನೊಂದೆರಡು ವಾರ ಹಿಂಗ ಓಡಿಸಿದ್ರ ಪೂರಾ ಮುರದು ಹೋಗ್ತಿತ್ತು. ಆಮ್ಯಾಲೆ ಆಪರೇಷನ್, ರಾಡು. ಯಾರು ನಿಲ್ಲಿಸಿದ್ರು ಇವರನ್ನ?"

"ಮಾಬೂಬಿ," ಎಂದಳು ಗಿರಿಜಾ.

"ಅವರು ಡಾಕ್ಟರೇನ್ರಿ?"

"ಅಲ್ಲರಿ. ಹತ್ತಿ ಮಿಲ್ಲಿನ್ಯಾಗ ನಿಲ್ತಾರ."

ಡಾಕ್ಟರಮ್ಮ ಫಿಲ್ಮನ್ನು ಪೆಟ್ಟಿಗೆಯಿಂದ ತೆಗೆದು ಗಿರಿಜಾ ಕೈಗೆ ಕೊಟ್ಟರು. "ಅವರಿಗೆ ನನ್ನ ನಮಸ್ಕಾರ ಹೇಳ್ರಿ," ಎಂದರು.

ಡಿಸೆಂಬರಿನ ಕೂಟ ನಮ್ಮನ್ನು ಬಿಟ್ಟೇ ನಡೆಯಿತು. ಆ ದಿನ ಗಿರಿಜಾ ಓಟದ ಬೂಟುಗಳನ್ನು ತೊಳೆದು ಬಿಸಿಲಿಗೆ ಇಟ್ಟಳು. ಅವು ಕೊಳೆಯಾಗಿರಲಿಲ್ಲ. ನಾನು ನೋಡಿದೆ. ಕೆಲವು ದುಃಖಕ್ಕೆ ಪಕ್ಕದಲ್ಲಿ ಕೂರುವುದು ಸಾಕು ಎನ್ನುವಷ್ಟು ಬುದ್ಧಿ ಅಷ್ಟೊತ್ತಿಗೆ ಬಂದಿತ್ತು. ಕೂತೆ.

ಆ ಎಂಟು ವಾರ ನನಗೆ ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತಿತ್ತು. ಅಭ್ಯಾಸ. ಎದ್ದು ನಾನೇ ಚಹಾ ಮಾಡುತ್ತಿದ್ದೆ. (ಮೊದಲ ವಾರದ ಚಹಾದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.) ಇಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದೆವು. ಪೇಪರ್ ಬಂದು ಬೀಳುತ್ತಿತ್ತು. ಬಿದ್ದಲ್ಲೇ ಇರುತ್ತಿತ್ತು. ಅವಳ ಶಾಲೆಯಲ್ಲಿ ಯಾವ ಹುಡುಗಿಗೆ ಕನ್ನಡಕ್ಕಿಂತ ತೆಲುಗು ಸುಲಭ, ಯಾವ ಹುಡುಗಿ ಎರಡನ್ನೂ ಕಲೆಸಿ ಪ್ರಬಂಧ ಬರೆಯುತ್ತಾಳೆ, ಎಲ್ಲ ನನಗೆ ಗೊತ್ತಾಯಿತು.

ಸೋಮವಾರದ ಒಪ್ಪತ್ತಿನ ಬಗ್ಗೆ ಗಿರಿಜಾಗೆ ಸಂಕೋಚವಿತ್ತು. ನಮ್ಮ ಮನೆಯಲ್ಲೇ ಇರುವ ನಮ್ಮ ಅವ್ವ ಐವತ್ತು ವರ್ಷದಿಂದ ಒಪ್ಪತ್ತು ಮಾಡುತ್ತಿರುವವಳು. ಅವಳ ಮುಂದೆ ತಟ್ಟೆ ಹಾಕಿಕೊಂಡು ಕೂರುವುದು ಹೇಗೆ? ಮೊದಲ ಸೋಮವಾರ ಅವ್ವನೇ ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು ತಂದು ಸೊಸೆಯ ಮುಂದೆ ಇಟ್ಟಳು. "ನಿನ್ನ ಪಾಲಿಂದೂ ನಾನ ಮಾಡ್ತೀನಿ. ನೀ ಉಣ್ಣು. ಶಿವ ಏನು ಸಿಟ್ಟು ಮಾಡಂಗಿಲ್ಲ," ಎಂದಳು.

ನಡೆಯಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲಿನ ಮೊದಲ ಭಾನುವಾರವೇ ಗಿರಿಜಾ, "ಮಾಬೂಬಿ ಮನಿಗೆ ಹೋಗೂಣು," ಎಂದಳು. ಹೋದೆವು. ಮಾಬೂಬಿ ನಮ್ಮನ್ನು ನೋಡಿ ಗಾಬರಿಯಾಗಿ ಮೊದಲು ಕೇಳಿದ್ದು, "ಮಿಲ್ಲಿನ್ಯಾಗ ಏನರ ಆತೇನ್ ಸಾರ್?" ಮ್ಯಾನೇಜರ್ ಮನೆಗೆ ಬಂದರೆ ಬೇರೆ ಏನು ಕಾರಣ ಇರಬಹುದು, ಹೇಳಿ?

ಚಾಪೆ ಹಾಸಿದಳು. ಚಹಾ ತಂದಳು. ಡಾಕ್ಟರಮ್ಮನ ನಮಸ್ಕಾರ ತಲುಪಿಸಿದೆ. ಮಾಬೂಬಿ ನಕ್ಕಳು.

"ನಿನಗ ಹೆಂಗ ಗೊತ್ತಾತು ಮಾಬೂಬಿ?" ಎಂದು ಕೇಳಿದೆ.

"ನೀವು ಗಡಿಯಾರ ನೋಡ್ತಿದ್ರಿ. ನಾ ಕಾಲು ನೋಡ್ತಿದ್ದೆ. ಇಪ್ಪತ್ತು ವರ್ಷ ನಿಂತೀನಿ ಸಾರ್. ಯಾರ ಕಾಲು ಯಾವಾಗ ಸೋತಾವು ಅಂತ ಸಾಲಿನ್ಯಾಗ ನಿಂತ್ರ ಗೊತ್ತಾಗ್ತೈತಿ."

ಗಿರಿಜಾ ಚಹಾದ ಲೋಟ ಕೆಳಗಿಟ್ಟಳು. "ನಿಮ್ಮ ಕಾಲು ತೋರಿಸ್ರಿ."

"ನಕ್ಕೊ ಟೀಚರಮ್ಮ, ಬ್ಯಾಡ," ಎಂದು ಆಕೆ ಸೀರೆ ಎಳೆದು ಪಾದ ಮುಚ್ಚಿಕೊಂಡಳು. ಗಿರಿಜಾ ಬಿಡಲಿಲ್ಲ. ಹಿಮ್ಮಡಿ ಒತ್ತಿದರೆ ಮಾಬೂಬಿ ಹಲ್ಲು ಕಚ್ಚಿದಳು. ಬೆಳಿಗ್ಗೆ ಎದ್ದ ಕೂಡಲೇ ಪಾದ ನೆಲಕ್ಕೆ ಇಡಲು ಆಗುವುದಿಲ್ಲವಂತೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳಂತೆ. ಆರು ವರ್ಷದಿಂದ.

"ಡಾಕ್ಟರಿಗೆ ತೋರಿಸೀರೇನು?"

"ಕಾಯ್ಕೂ? ಅದ್ಯಾಕ ಬೇಕ್ರಿ? ನಾ ಏನು ಓಡ್ತೀನೇನ್ರಿ?"

ಮರುವಾರ ಗಿರಿಜಾ ಆಕೆಯನ್ನು ಕರೆದುಕೊಂಡು ಹೋಗಿ ತೋರಿಸಿದಳು. ಮೆತ್ತನೆಯ ಚಪ್ಪಲಿ, ಮೀನಖಂಡ ಎಳೆಯುವ ವ್ಯಾಯಾಮ. ಇಬ್ಬರೂ ಈಗ ಗೋಡೆಗೆ ಕೈ ಕೊಟ್ಟು ಒಂದೇ ವ್ಯಾಯಾಮ ಮಾಡುತ್ತಾರೆ. ಒಬ್ಬಳು ಅವಳ ಮನೆಯಲ್ಲಿ, ಒಬ್ಬಳು ನಮ್ಮ ಮನೆಯಲ್ಲಿ.

ಸಂಕ್ರಾಂತಿ ಮುಗಿದ ಮೇಲೆ ಗಿರಿಜಾ ಮತ್ತೆ ಓಡತೊಡಗಿದಳು. ಬಂಡಿ ದಾರಿಯಲ್ಲಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಮಣ್ಣು ಮೆತ್ತಗಿದೆ ಎಂದು ಅಲ್ಲಿಯೂ ಅವಸರ ಬೇಡ, ತಗ್ಗು ದಿಣ್ಣೆಯಲ್ಲಿ ಕಾಲು ತಿರುಚೀತು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಾರೆ. ನಾನು ಸ್ಕೂಟರ್ ಮನೆಯಲ್ಲೇ ಬಿಟ್ಟು ಹಿಂದೆ ನಡೆಯುತ್ತೇನೆ. ಅವಳು ಮುಂದೆ ಹೋಗಿ, ತಿರುಗಿ ನನ್ನವರೆಗೆ ಬಂದು, ಮತ್ತೆ ಮುಂದೆ ಹೋಗುತ್ತಾಳೆ. ಎಷ್ಟು ದೂರ? ಗೊತ್ತಿಲ್ಲ. ಎಷ್ಟು ಹೊತ್ತು? ಅದನ್ನು ಅವಳು ತನ್ನ ಕೈಗಡಿಯಾರದಲ್ಲಿ ನೋಡಿಕೊಳ್ಳುತ್ತಾಳೆ. ನನಗೆ ಈಗ ಬೇರೆ ಕೆಲಸ. ಎಡಗಾಲು, ಬಲಗಾಲು. ಎಡಗಾಲು, ಬಲಗಾಲು. ಎರಡೂ ಒಂದೇ ಥರ ಊರುತ್ತಿವೆ. ಜುಲೈನ ಜಿಲ್ಲಾ ಕೂಟಕ್ಕೆ ಹೆಸರು ಕೊಡುತ್ತಾಳಂತೆ. ಕೊಡಲಿ. ನಾನು ಬ್ಯಾಗ್ ಹಿಡಿಯುತ್ತೇನೆ.

ಇನ್ನೊಂದು ವಿಷಯ ಉಳಿಯಿತು. ಮಾಬೂಬಿ ಮನೆಯಿಂದ ಬಂದ ಮರುದಿನ ನಮ್ಮ ಮಿಲ್ಲಿನ ಮಾಲೀಕರ ಮುಂದೆ ಹೋಗಿ ನಿಂತೆ. ಯಂತ್ರಗಳ ಸಾಲಿನ ಮುಂದೆ ದಪ್ಪ ರಬ್ಬರ್ ಚಾಪೆ ಹಾಕಿಸಬೇಕು ಎಂದೆ. ಅವರು ಕೆಟ್ಟವರಲ್ಲ. ಆಶ್ಚರ್ಯಪಟ್ಟರು. "ಮೂವತ್ತು ವರ್ಷದಿಂದ ಹಿಂಗ ನಡೀತೈತಿ ಕದಾ ಸ್ವಾಮಿ, ಒಬ್ಬರೂ ಕೇಳಲಿಲ್ಲ. ಇಪ್ಪುಡೇಮಿ ಕೊತ್ತಗಾ?" ಎಂದರು. ಈಗೇನು ಹೊಸದಾಗಿ ಎನ್ನುವುದು ನ್ಯಾಯವಾದ ಪ್ರಶ್ನೆಯೇ. ನಾನು ನನ್ನ ಹೆಂಡತಿಯ ಕಾಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಗೋಣಿಚೀಲ ಹೊರಗೆ ಹಾಕಿಸಿದ್ದನ್ನೂ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡರು. ತಕ್ಷಣ ಹೂಂ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಕಳೆದ ವಾರ ಚಾಪೆಗಳು ಬಂದವು. ಸಾಲಿನ ಉದ್ದಕ್ಕೂ ಹಾಸಿಸಿದೆ. ಹೆಂಗಸರು ಮೊದಲು ದೂರ ನಿಂತು ನೋಡಿದರು. ಒಬ್ಬಳು ಕಾಲಿಟ್ಟು ಒತ್ತಿ ನೋಡಿದಳು. ಆಮೇಲೆ ಎಲ್ಲರೂ ಹತ್ತಿದರು. ಸಂಜೆ ಮಾಬೂಬಿಯನ್ನು ಕೇಳಿದೆ, ಹೇಗಿದೆ ಎಂದು.

"ಚಲೋ ಐತಿ ಸಾರ್. ಹತ್ತಿ ಬಿದ್ರ ಒಂಚೂರು ಜಾರ್ತೈತಿ. ಅದಕ್ಕ ಮ್ಯಾಲೆ ನನ್ನ ಚೀಲಾನೂ ಹಾಸೀನಿ." ಒಂದು ಕ್ಷಣ ನಿಂತು ಸೇರಿಸಿದಳು: "ಹೊರಗ ಒಗೀಬ್ಯಾಡ್ರಿ."

ಒಗೆಯುವುದಿಲ್ಲ. ಎಲ್ಲರೂ ಹೋದ ಮೇಲೆ ನಾನು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಇಳಿದು ಬರಿ ನೆಲದ ಮೇಲೆ ನಿಂತೆ. ಬರಿಗಾಲಿನಲ್ಲಿ ಆ ನೆಲದ ಮೇಲೆ ನಾನು ನಿಂತದ್ದು ಅದೇ ಮೊದಲು. ಮಾಬೂಬಿಯ ಉಪಕಾರ ನೆನೆದು ಮನಸ್ಸು ತುಂಬಿ ಬರುತ್ತದೆ, ನಿಜ. ಆದರೆ ಹನ್ನೆರಡು ವರ್ಷ ಆ ನೆಲದ ಮೇಲೆ ಓಡಾಡಿದವನಿಗೆ ಅದು ಗಟ್ಟಿ ಎಂದು ಗೊತ್ತಾಗಲು ಹೆಂಡತಿಯ ಮೂಳೆಯೇ ಬಿರುಕು ಬಿಡಬೇಕಿತ್ತೇ?